ರೈಫಲ್ ತೋಟಾ ರೀಲೋಡಿಂಗ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಾಸ್‌ನ ನಮ್ಮ ಮನೆಗೆ ಬಂದವರ ಕಣ್ಣಿಗೆ ಗ್ಯಾರೇಜಿನಲ್ಲಿ ಮೊದಲು ಬೀಳುವುದು ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿರುವ ಪ್ರೆಸ್ಸು. "ಏನ್ರೀ ಇದು, ಚಕ್ಕುಲಿ ಒತ್ತೋದಾ?" ಎಂದು ಕೇಳಿದವರೂ ಇದ್ದಾರೆ. ಚಕ್ಕುಲಿಯಲ್ಲ, ತೋಟಾ ಎಂದ ಮೇಲೆ ಶುರುವಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ರೇಂಜಿನಲ್ಲಿ ಪಕ್ಕದ ಬೆಂಚಿಗೆ ಬರುವ ನಮ್ಮ ಕಡೆಯವರು, ಊರಿಂದ ಫೋನ್ ಮಾಡುವ ನೆಂಟರು, ಪತ್ರ ಬರೆಯುವವರು, ಎಲ್ಲರೂ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಅಮೆರಿಕದ ಮಾತು, ಬೋಲ್ಟ್ ಆಕ್ಷನ್ ರೈಫಲ್ಲಿನ, ಅಂದರೆ ಪ್ರತಿ ಗುಂಡಿಗೂ ಬೋಲ್ಟೆಂಬ ಹಿಡಿಯನ್ನು ಕೈಯಲ್ಲೇ ಎಳೆದು ಮುಚ್ಚುವ ರೈಫಲ್ಲಿನ ಮಾತು.

## ಶುರು ಮಾಡುವ ಮುಂಚೆ

ರೀಲೋಡಿಂಗ್ ಅಂದ್ರೇನು? ಹಾರಿಸಿದ ಗುಂಡನ್ನ ಮತ್ತೆ ಹುಡುಕಿ ತರೋದಾ?

ಗುಂಡು ಹೋಯಿತೆಂದರೆ ಹೋಯಿತು. ಉಳಿಯುವುದು ಹಿತ್ತಾಳೆಯ ಕೇಸು. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸು, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರು, ಒಳಗೆ ಪೌಡರು, ಬಾಯಲ್ಲಿ ಕಚ್ಚಿಕೊಂಡಿರುವ ಬುಲೆಟ್ಟು. ಹಾರಿಸಿದ ಮೇಲೆ ಕೇಸು ಸ್ವಲ್ಪ ಉಬ್ಬಿ, ಮಸಿ ಹಿಡಿದು ಹೊರಬರುತ್ತದೆ. ಅದನ್ನು ಮತ್ತೆ ಅಳತೆಗೆ ತಂದು ಹೊಸ ಪ್ರೈಮರು, ಹೊಸ ಪೌಡರು, ಹೊಸ ಬುಲೆಟ್ಟು ಹಾಕುವುದೇ ರೀಲೋಡಿಂಗ್.

ಮಲೆನಾಡಿನಲ್ಲಿ ಕೇಪಿನ ಕೋವಿ ನೋಡಿದವರಿಗೆ ಇದು ತೀರಾ ಹೊಸದೇನಲ್ಲ. ನಮ್ಮಜ್ಜ ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಹಾಕಿ ಜಡಿದು, ಆಮೇಲೆ ಚರೆ ಹಾಕುತ್ತಿದ್ದರು. ಪ್ರತಿ ಈಡೂ ಕೈಯಾರೆ ತುಂಬಿದ್ದೇ. ಆದರೆ ಅಜ್ಜನ ಅಂದಾಜು ಇಲ್ಲಿಗೆ ಸಲ್ಲ. ಅದು ಕರಿಮದ್ದು, ಇದು ಹೊಗೆಯಿಲ್ಲದ ಪೌಡರು. .308 ವಿಂಚೆಸ್ಟರ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡು. ನಿಮ್ಮ ಕಾರಿನ ಟೈರಿನಲ್ಲಿರುವುದು 35ರ ಆಸುಪಾಸು. ಈ ಎರಡು ಸಂಖ್ಯೆಗಳನ್ನು ಬೆಂಚಿನ ಮುಂದಿನ ಗೋಡೆಗೆ ಅಂಟಿಸಿಕೊಂಡರೆ ಒಳ್ಳೆಯದು.

ಅಂಗಡೀಲೇ ಡಬ್ಬಿ ಡಬ್ಬಿ ಸಿಗುತ್ತೆ. ಮನೇಲಿ ಮಾಡಿದ್ದು ಅದಕ್ಕಿಂತ ಚೆನ್ನಾಗಿರುತ್ತಾ?

ಕಾರ್ಖಾನೆಯ ತೋಟಾ ರೆಡಿಮೇಡ್ ಅಂಗಿ, ರೀಲೋಡ್ ಮಾಡಿದ್ದು ದರ್ಜಿ ಹೊಲಿದದ್ದು. ರೆಡಿಮೇಡ್ ಕೆಟ್ಟದ್ದೆಂದಲ್ಲ. ಫೆಡರಲ್ ಕಂಪನಿಯ ಗೋಲ್ಡ್ ಮೆಡಲ್ ಮ್ಯಾಚ್ ತರದ ತೋಟಾಗಳು ಎಷ್ಟು ಚೆನ್ನಾಗಿವೆಯೆಂದರೆ, ನನ್ನ ಮೊದಲ ವರ್ಷದ ಕೈಕೆಲಸವೆಲ್ಲ ಅವುಗಳ ಮುಂದೆ ಸಪ್ಪೆ. ಆದರೆ ಕಾರ್ಖಾನೆಯವರು ಅದೇ ಕ್ಯಾಲಿಬರಿನ ಎಲ್ಲ ರೈಫಲ್ಲುಗಳಿಗೂ ಹೊಂದುವಂತೆ ಮಾಡಬೇಕು. ನಿಮಗೆ ಇರುವುದು ಒಂದೇ ರೈಫಲ್ಲು, ಅದಕ್ಕೊಂದೇ ಚೇಂಬರು (ತೋಟಾ ಕೂರುವ ಗೂಡು). ಕೇಸಿನ ಹೆಗಲು (ಮೈ ಕಿರಿದಾಗಿ ಕುತ್ತಿಗೆಗೆ ಸೇರುವ ಇಳಿಜಾರು) ಎಲ್ಲಿರಬೇಕು, ಬುಲೆಟ್ಟು ಎಷ್ಟು ಒಳಗೆ ಕೂರಬೇಕು, ನಿಮ್ಮ ಬ್ಯಾರೆಲ್ಲು ಯಾವ ತೂಕದ ಬುಲೆಟ್ಟನ್ನು ಒಪ್ಪುತ್ತದೆ, ಇವನ್ನೆಲ್ಲ ಆ ಒಂದಕ್ಕೇ ಹೊಂದಿಸಬಹುದು.

ಗುರಿ ಸುಧಾರಿಸುವುದು ಯಾವುದೋ ಗುಟ್ಟಿನ ಪಾಕದಿಂದಲ್ಲ. ಐವತ್ತನೆಯ ತೋಟಾ ಮೊದಲನೆಯದರಂತೆಯೇ ಇದ್ದರೆ ಆಯಿತು, ಅಷ್ಟೇ ಅದರ ಮರ್ಮ. ವರ್ಷಕ್ಕೊಂದು ಜಿಂಕೆ, ಅದೂ 100 ಗಜದೊಳಗೆ ಎನ್ನುವವರು ಈ ತಾಪತ್ರಯಕ್ಕೆ ಕೈ ಹಾಕಬೇಡಿ, ಎರಡು ಡಬ್ಬಿ ಕೊಂಡು ಸುಮ್ಮನಿರಿ.

ದುಡ್ಡು ಉಳಿಯುತ್ತೆ ಅಂತಾರಲ್ಲ?

ತೋಟಾ ಒಂದರ ಲೆಕ್ಕದಲ್ಲಿ ಉಳಿಯುತ್ತದೆ. ತಿಂಗಳ ಲೆಕ್ಕದಲ್ಲಿ ಉಳಿಯುವುದಿಲ್ಲ, ಏಕೆಂದರೆ ಅಗ್ಗವಾಯಿತೆಂದು ಎರಡರಷ್ಟು ಹಾರಿಸುತ್ತೀರಿ. ಪೌಡರನ್ನೂ ಬುಲೆಟ್ಟನ್ನೂ ತೂಗುವುದು ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ಬರೀ ಲೆಕ್ಕಕ್ಕೆ ತೋಟಾಕ್ಕೆ 40 ಎಂದಿಟ್ಟುಕೊಂಡರೂ 175 ತೋಟಾ ಆಯಿತು. ಆನ್‌ಲೈನಿನಲ್ಲಿ ಪೌಡರು, ಪ್ರೈಮರು ತರಿಸಿದರೆ ಅಪಾಯಕಾರಿ ಸರಕೆಂದು ಪ್ರತ್ಯೇಕ ಸಾಗಣೆ ಶುಲ್ಕ ಬೀಳುತ್ತದೆ. ನಾಲ್ಕು ಜನ ಸೇರಿ ತರಿಸಿದರೆ ಗಿಟ್ಟುತ್ತದೆ. ಮನೆಯವರ ಹತ್ತಿರ ಮಾತ್ರ "ಉಳಿತಾಯ" ಎಂಬ ಪದ ಬಳಸಲು ಹೋಗಬೇಡಿ, ನಾನು ಬಳಸಿ ಅನುಭವಿಸಿದ್ದೇನೆ.

ನಾನು ಎಚ್-1ಬಿ ವೀಸಾದಲ್ಲಿದ್ದೀನಿ. ಕೋವಿ ಇಲ್ಲ, ಬರೀ ರೀಲೋಡಿಂಗ್ ಕಲೀಬಹುದಾ?

ಮುಟ್ಟುವ ಮೊದಲು ವಕೀಲರನ್ನು ಕೇಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಬಹಳ ಜನ ಎಡವುವುದು ಇನ್ನೊಂದು ಕಡೆ. ಆ ಕಾನೂನಿನ ಪ್ರಕಾರ "ಮದ್ದುಗುಂಡು" ಎಂದರೆ ತಯಾರಾದ ತೋಟಾ ಮಾತ್ರವಲ್ಲ. ಕೇಸು, ಪ್ರೈಮರು, ಬುಲೆಟ್ಟು, ಪೌಡರು ಬಿಡಿಬಿಡಿಯಾಗಿಯೂ ಅದರಲ್ಲೇ ಸೇರುತ್ತವೆ. ಹಾಗಾಗಿ "ಬರೀ ಬಿಡಿಭಾಗ" ಎಂಬ ಸಮಾಧಾನಕ್ಕೆ ಜಾಗವಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿಯಿಲ್ಲ.

ಸ್ವಂತಕ್ಕೆ ರೀಲೋಡ್ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಮಾರುವುದಕ್ಕೆ ಬೇಕು. ಗೆಳೆಯನಿಗೆ ಮಾಡಿಕೊಟ್ಟು ಖರ್ಚಿಗೆಂದು ಇಪ್ಪತ್ತು ಡಾಲರ್ ಇಸಿದುಕೊಂಡರೆ ಅದು ಮಾರಾಟದ ಹಾದಿಗೇ ಹೋಗುತ್ತದೆ. ಇಸಿದುಕೊಳ್ಳಬೇಡಿ, ಮಾಡಿಯೂ ಕೊಡಬೇಡಿ.

ಊರಲ್ಲಿ ಮಾಡ್ಬಹುದಾ? ನಾವು ಕೊಡಗಿನೋರು, ನಮಗೆ ಲೈಸೆನ್ಸೇ ಬೇಡ್ವಲ್ಲ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಲೈಸೆನ್ಸಿನಿಂದ ವಿನಾಯಿತಿ. ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯದೇ ವಿಷಯ, ಅದಕ್ಕೆ ಬೇರೆಯದೇ ಲೈಸೆನ್ಸು. ತಯಾರಿಸುವ ಯಂತ್ರವೂ ಆ ಕಾಯ್ದೆಯ "ಮದ್ದುಗುಂಡು" ಎಂಬ ಮಾತಿನೊಳಗೇ ಬರುತ್ತದೆ. ಆದ್ದರಿಂದ ಕೈಲ್‌ಪೊಳ್ದು ಹಬ್ಬಕ್ಕೆ ಹೋಗಿ ತೆಂಗಿನಕಾಯಿಗೆ ಗುರಿಯಿಟ್ಟು ಬನ್ನಿ, ಅದರ ಸೊಗಸೇ ಬೇರೆ. ಪ್ರೆಸ್ಸು ಇಲ್ಲೇ ಇರಲಿ.

ಮತ್ತೊಂದು ಮಾತು: ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗನ್ನು ಸಾಮಾನಿಗೆ ಬಳಸಬೇಡಿ. ಮೂಲೆಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸಾಗಬಹುದು. ಪೌಡರನ್ನೂ ಪ್ರೈಮರನ್ನೂ ಅಮೆರಿಕದೊಳಗಿನ ವಿಮಾನದಲ್ಲಿ ಕೂಡ ಯಾವ ಲಗೇಜಿನಲ್ಲೂ ಒಯ್ಯುವಂತಿಲ್ಲ.

ಮನೇಲಿ ಮಕ್ಕಳಿದಾರೆ. ಗ್ಯಾರೇಜೇ ಹಾರಿಹೋದ್ರೆ?

ಹೊಗೆಯಿಲ್ಲದ ಪೌಡರು ಬಯಲಲ್ಲಿ ಭರ್ರನೆ ಉರಿಯುತ್ತದೆ, ಸಿಡಿಯುವುದಿಲ್ಲ. ಗಟ್ಟಿ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದರೆ ಅದೇ ಬಾಂಬು. ಹಾಗಾಗಿಯೇ ಕಂಪನಿಯ ತೆಳು ಪ್ಲಾಸ್ಟಿಕ್ ಡಬ್ಬಿಯಿಂದ ಬೇರೆ ಡಬ್ಬಕ್ಕೆ ಸುರಿಯಬಾರದು. ನಿಜಕ್ಕೂ ಹೆದರಬೇಕಾದ್ದು ಪ್ರೈಮರಿಗೆ. ಅದು ಪೆಟ್ಟಿಗೆ ಸಿಡಿಯಲೆಂದೇ ಹುಟ್ಟಿದ್ದು. ಡಬ್ಬಿಯಿಂದ ತೆಗೆದು ಬಾಟಲಿಗೆ ತುಂಬಿಡುವುದಂತೂ ಶುದ್ಧ ಮೂರ್ಖತನ.

ಅಮೆರಿಕದ ಅಗ್ನಿಸುರಕ್ಷತಾ ಮಾನದಂಡದ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಗಳಲ್ಲೇ 20 ಪೌಂಡಿನವರೆಗೆ ಪೌಡರು ಇಡಬಹುದು, ಪ್ರೈಮರು 10,000 ಮೀರಬಾರದು. ನಿಮ್ಮ ಊರಿನ ನಿಯಮ ಇದಕ್ಕಿಂತ ಬಿಗಿಯಿರಬಹುದು, ವಿಚಾರಿಸಿ. ಟೆಕ್ಸಾಸ್ ಬೇಸಿಗೆಯಲ್ಲಿ ಗ್ಯಾರೇಜು ಭಟ್ಟಿಯಾಗುತ್ತದೆ, ಬಿಸಿಗೆ ಪೌಡರು ಕೆಡುತ್ತದೆ. ಪ್ರೆಸ್ಸು ಗ್ಯಾರೇಜಿನಲ್ಲಿದ್ದರೂ ಪೌಡರು ಮನೆಯೊಳಗಿನ ತಣ್ಣನೆಯ ಕಪಾಟಿನಲ್ಲಿ, ಬೀಗದೊಳಗಿರಲಿ. ಕೆಟ್ಟ ಪೌಡರಿಗೆ ಮೂಗು ಸುಡುವ ಹುಳಿ ವಾಸನೆ, ಕೆಲವೊಮ್ಮೆ ಕೆಂಗಂದು ಬಣ್ಣದ ಧೂಳು. ಡಬ್ಬಿ ತೆರೆದಾಗ ಒಮ್ಮೆ ಮೂಸಿ ನೋಡುವುದು ಒಳ್ಳೆ ಅಭ್ಯಾಸ.

ಮಕ್ಕಳ ವಿಷಯದಲ್ಲಿ ಸಿಡಿತಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಸೀಸ. ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸೀಸವಿರುತ್ತದೆ. ಕೇಸುಗಳನ್ನು ಒಣ ಜೋಳದ ದಿಂಡಿನ ಪುಡಿಯಲ್ಲಿ ಉರುಳಿಸಿ ಉಜ್ಜಿದಾಗ ಏಳುವ ಧೂಳೆಲ್ಲ ಅದೇ. ನಾನು ಸ್ಟೀಲ್ ಪಿನ್ನು, ನೀರು ಹಾಕಿ ತೊಳೆಯುವ ಪದ್ಧತಿಗೆ ಬಂದದ್ದು ಇದೇ ಕಾರಣಕ್ಕೆ. ಬೆಂಚಿನ ಹತ್ತಿರ ಕಾಫಿ, ಮಂಡಕ್ಕಿ ಏನೂ ಬೇಡ. ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ.

## ಬೆಂಚಿನ ಮೇಲೆ

ಮೊದಲು ಏನೇನು ತಗೋಬೇಕು? ಒಳ್ಳೆ ಪ್ರೊಗ್ರೆಸಿವ್ ಪ್ರೆಸ್ಸೇ ತಗೊಂಡ್ರೆ ಒಂದೇ ಸಲಕ್ಕೆ ಮುಗೀತಲ್ವಾ?

ಹೊಸಬರಿಗೆ ಪ್ರೊಗ್ರೆಸಿವ್ ಬೇಡ. ಹಿಡಿ ಎಳೆದಾಗಲೆಲ್ಲ ಅದರಲ್ಲಿ ನಾಲ್ಕೈದು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದರಲ್ಲಿ ತಪ್ಪಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಇಪ್ಪತ್ತು ತೋಟಾ ಆಗಿಹೋಗಿರುತ್ತದೆ. ಗುರಿಗೆಂದು ಮಾಡುವವರು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ಸನ್ನು ಕೊಳ್ಳಿ. ಆರ್‌ಸಿಬಿಎಸ್, ಲೀ, ಹಾರ್ನಡಿ, ಯಾವುದಾದರೂ ಸರಿ, ಹಳೆಯದು ಸಿಕ್ಕಿದರೂ ಸರಿ. ಎರಕದ ಕಬ್ಬಿಣ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಜೊತೆಗೆ ನಿಮ್ಮ ಕ್ಯಾಲಿಬರಿನ ಡೈ ಸೆಟ್ಟು (ಕೇಸನ್ನು ಅಳತೆಗೆ ತರುವ, ಬುಲೆಟ್ಟು ಕೂರಿಸುವ ಅಚ್ಚುಗಳು), ಕೇಸಿನ ತಳ ಹಿಡಿದುಕೊಳ್ಳುವ ಶೆಲ್ ಹೋಲ್ಡರು, 0.1 ಗ್ರೇನ್ ತೋರಿಸುವ ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರು, ಕೇಸು ಟ್ರಿಮ್ ಮಾಡುವ ಸಾಧನ, ಬಾಯಂಚು ಹೆರೆಯುವ ಸಣ್ಣ ಉಪಕರಣ, ಡೈಯಲ್ಲಿ ಕಚ್ಚದಂತೆ ಕೇಸಿಗೆ ಹಚ್ಚುವ ಜಿಡ್ಡು, ಅಂದರೆ ಲೂಬು, ಆಲಿಕೆ, ಕೇಸುಗಳನ್ನು ನಿಲ್ಲಿಸುವ ತೂತಿನ ಹಲಗೆ. ತಪ್ಪಾಗಿ ಕೂರಿಸಿದ ಬುಲೆಟ್ಟನ್ನು ಕುಟ್ಟಿ ಹೊರತೆಗೆಯುವ ಪ್ಲಾಸ್ಟಿಕ್ ಸುತ್ತಿಗೆಯೊಂದು ಬೇಕೇ ಬೇಕು. ನಿಮಗೆ ಬೇಡವೆನಿಸಿದರೂ ಬೇಕು.

ದುಡ್ಡು ಉಳಿಸಲು ಹೋಗಬಾರದ್ದು ತಕ್ಕಡಿಯಲ್ಲಿ. ಅಗ್ಗದ ಡಿಜಿಟಲ್ ತಕ್ಕಡಿ ಎಸಿ ಗಾಳಿಗೇ ತೇಲಾಡುತ್ತದೆ. ನನ್ನದು ಹಳೇ ಕಾಲದ ದಂಡಿಗೆ ತಕ್ಕಡಿ. ನಿಧಾನ, ಆದರೆ ಸುಳ್ಳು ಹೇಳುವುದಿಲ್ಲ. ಯಾವುದೇ ಇರಲಿ, ಕೂತಾಗಲೆಲ್ಲ ತೂಕದ ಕಲ್ಲಿಟ್ಟು ಸರಿಯಿದೆಯೇ ನೋಡಿಕೊಂಡೇ ಶುರು ಮಾಡಿ.

ಯಾವ ಕ್ಯಾಲಿಬರಿಂದ ಶುರು ಮಾಡ್ಲಿ? ನನ್ ಹತ್ರ .22 ಇದೆ.

.22 ಎಲ್‌ಆರ್ ರೀಲೋಡ್ ಆಗುವುದಿಲ್ಲ. ಅದರಲ್ಲಿ ಪ್ರತ್ಯೇಕ ಪ್ರೈಮರೇ ಇಲ್ಲ. ಸಿಡಿಯುವ ಮದ್ದು ಕೇಸಿನ ಅಂಚಿನ ಒಳಗೇ ಇರುತ್ತದೆ, ಪಿನ್ನು ಬಡಿದಾಗ ಆ ಅಂಚೇ ಜಜ್ಜಿ ಹೋಗುತ್ತದೆ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕಲಿಯುವವರಿಗೆ 1952ರಲ್ಲಿ ಬಂದ .308 ವಿಂಚೆಸ್ಟರ್ ಇಲ್ಲವೇ 2007ರ 6.5 ಕ್ರೀಡ್‌ಮೋರ್ ಒಳ್ಳೆಯವು. ಎರಡಕ್ಕೂ ಮ್ಯಾನ್ಯುಯಲ್‌ಗಳಲ್ಲಿ ಪುಟಗಟ್ಟಲೆ ಮಾಹಿತಿ, ಅಂಗಡಿಯಲ್ಲಿ ತರತರದ ಬುಲೆಟ್ಟು. ಕೇಸು ಆರಿಸುವಾಗ ಎರಡು ವಿಷಯ ನೋಡಿ. ಒಳಗೆ ಟಾರ್ಚು ಬಿಟ್ಟಾಗ ತಳದ ನಟ್ಟನಡುವೆ ಒಂದೇ ತೂತು ಕಂಡರೆ ಅದು ಬಾಕ್ಸರ್ ಪ್ರೈಮರಿನದು, ರೀಲೋಡ್ ಮಾಡಬಹುದು. ಎರಡು ಸಣ್ಣ ತೂತಿದ್ದರೆ ಬರ್ಡನ್, ಬಿಟ್ಟುಬಿಡಿ. ಎರಡನೆಯದು ಮಿಲಿಟರಿ 7.62 ಕೇಸು: ಗೋಡೆ ದಪ್ಪ, ಒಳಜಾಗ ಕಡಿಮೆ, ಆದ್ದರಿಂದ ಅಷ್ಟೇ ಪೌಡರಿಗೆ ಒತ್ತಡ ಹೆಚ್ಚು. ರೇಂಜಿನ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬೆರೆಸಿ ತುಂಬಿ, ಆಮೇಲೆ ಗುರಿ ಸಿಗಲಿಲ್ಲವೆಂದರೆ ತಪ್ಪು ರೈಫಲ್ಲಿನದಲ್ಲ. ಒಂದೇ ಕಂಪನಿಯ, ಒಂದೇ ಲಾಟಿನ 100 ಕೇಸು ಕೊಂಡು ಅವನ್ನೇ ಒಟ್ಟಿಗೆ ತಿರುಗಿಸುತ್ತಿರಿ.

ಒಂದು ತೋಟಾ ಶುರುವಿಂದ ಕೊನೇವರೆಗೆ ಹೇಗೆ ಮಾಡ್ತೀರಿ, ಎದುರಿಗೆ ಕೂತ ಹಾಗೆ ಹೇಳಿ.

ಶನಿವಾರ ಬೆಳಗ್ಗೆ, ಫೋನು ಒಳಗಿಟ್ಟು. ಮೊದಲು ಕೇಸುಗಳನ್ನು ಒಂದೊಂದೇ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಬಾಯಿ ಸೀಳಿದ್ದರೆ ಗುಜರಿ ಡಬ್ಬಕ್ಕೆ. ಉಳಿದವಕ್ಕೆ ಲೂಬು ಹಚ್ಚಿ, ಸೈಜಿಂಗ್ ಡೈಗೆ ಕೊಟ್ಟು ಹಿಡಿ ಎಳೆದರೆ ಹಳೇ ಪ್ರೈಮರು ಟಣ್ಣೆಂದು ಕೆಳಗೆ ಬೀಳುತ್ತದೆ, ಉಬ್ಬಿದ ಕೇಸು ಅಳತೆಗೆ ಬರುತ್ತದೆ.

ಲೂಬಿನ ಪಾಠ ನಾನು ಕಲಿತದ್ದು ಮೊದಲ ತಿಂಗಳಲ್ಲೇ. ಮಾತಾಡುತ್ತಾ ಒಂದು ಕೇಸಿಗೆ ಹಚ್ಚುವುದು ಮರೆತೆ. ಅರ್ಧ ಒಳಹೋಗಿ ಕಚ್ಚಿಕೊಂಡಿತು. ಜೋರಾಗಿ ಎಳೆದೆ, ಹಿತ್ತಾಳೆಯ ಅಂಚು ಹರಿದು ಹಿಡಿ ಕೈಗೆ ಬಂತು, ಕೇಸು ಡೈಯೊಳಗೇ ಉಳಿಯಿತು. ಅದರ ತಳಕ್ಕೆ ಡ್ರಿಲ್ ಹಾಕಿ, ಎಳೆ ಕೊರೆದು, ಬೋಲ್ಟ್ ತಿರುಗಿಸಿ ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುಂದಿನ ವಾರ ಹೆದರಿ ಲೂಬು ಸುರಿದೆ. ಅತಿಯಾದ ಲೂಬು ಹೆಗಲಿನಲ್ಲಿ ನಿಂತು, ಒಂದೊಂದು ಕೇಸಿಗೂ ಕೆನ್ನೆಗುಳಿಯಂಥ ತಗ್ಗು ಬಿತ್ತು. ಈಗ ಬೆರಳ ತುದಿಗೆ ಅಂಟೂ ಅಂಟದಷ್ಟು, ಅದೂ ಮೈಗೆ ಮಾತ್ರ, ಹೆಗಲಿಗಿಲ್ಲ.

ಆಮೇಲೆ ಲೂಬು ಒರೆಸಿ ಉದ್ದ ಅಳೆಯುವುದು. .308 ಕೇಸಿನ ಗರಿಷ್ಠ ಉದ್ದ 2.015 ಇಂಚು. ಮೀರಿದ್ದನ್ನು 2.005ಕ್ಕೆ ಟ್ರಿಮ್ ಮಾಡಿ, ಬಾಯಂಚನ್ನು ಒಳಗೂ ಹೊರಗೂ ಹೆರೆಯಬೇಕು. ಉದ್ದವಾದ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿಕೊಂಡು ಬುಲೆಟ್ಟನ್ನು ಹಿಸುಕಿ ಹಿಡಿದರೆ ಒತ್ತಡ ಏರುತ್ತದೆ. ಪ್ರೈಮರನ್ನು ಕೈ ಉಪಕರಣದಲ್ಲಿ ಕೂರಿಸುತ್ತೇನೆ. ತಳಕ್ಕೆ ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ. ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು, ಮೇಲೆ ಉಬ್ಬಿರಬಾರದು.

ಪೌಡರಿನ ಹೊತ್ತಿಗೆ ಬೆಂಚಿನ ಮೇಲೆ ಒಂದೇ ಡಬ್ಬಿ. ಎರಡನೆಯದು ಇರಲೇಬಾರದು. ತೂಗಿ, ಆಲಿಕೆಯಿಂದ ಸುರಿದು, ಐವತ್ತೂ ಆದ ಮೇಲೆ ತೂತಿನ ಹಲಗೆಯ ಮೇಲೆ ಟಾರ್ಚು ಓರೆಯಾಗಿ ಹಿಡಿದು ಸಾಲು ಸಾಲಾಗಿ ಇಣುಕುತ್ತೇನೆ. ಎಲ್ಲದರಲ್ಲೂ ಒಂದೇ ಮಟ್ಟ ಕಾಣಬೇಕು. ಒಂದು ಕತ್ತಲಾಗಿ ಕಂಡರೂ ಅದನ್ನು ಖಾಲಿ ಮಾಡಿ ಮತ್ತೆ ತೂಕ. ಕೊನೆಗೆ ಬುಲೆಟ್ಟನ್ನು ಬಾಯಿಗಿಟ್ಟು ಡೈಯಲ್ಲಿ ನಿಧಾನಕ್ಕೆ ಒತ್ತಿ, ಒಟ್ಟು ಉದ್ದ ಅಳೆದು ಡಬ್ಬಿಗೆ. ಡಬ್ಬಿಯ ಮೇಲೆ ಪೌಡರು, ತೂಕ, ಪ್ರೈಮರು, ಬುಲೆಟ್ಟು, ಉದ್ದ, ತಾರೀಕು ಬರೆದಂತೆಯೇ ಆ ಬೆಳಗಿನ ಕೆಲಸ ಮುಗಿಯಿತು.

ಮದ್ದು ಎಷ್ಟು ಹಾಕ್ಬೇಕು? ನಿಮ್ಮ ಲೆಕ್ಕ ಕೊಡಿ ಸಾರ್, ಅದನ್ನೇ ಹಾಕ್ತೀನಿ.

ಕೊಡುವುದಿಲ್ಲ. ಜಿಪುಣತನದಿಂದಲ್ಲ. ನನ್ನ ಚೇಂಬರು, ನನ್ನ ಕೇಸಿನ ಒಳಜಾಗ, ನನ್ನ ಪೌಡರಿನ ಲಾಟು ನಿಮ್ಮದಲ್ಲ. ನನ್ನ ರೈಫಲ್ಲಿಗೆ ಹಿತವಾದ ತೂಕ ನಿಮ್ಮದರಲ್ಲಿ ಮಿತಿ ಮೀರಬಹುದು. ಬುಲೆಟ್ಟು ಅಥವಾ ಪೌಡರು ತಯಾರಿಸಿದ ಕಂಪನಿಯ ಈಚಿನ ಮ್ಯಾನ್ಯುಯಲ್ ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಜೋಡಿಗೂ ಆರಂಭದ ತೂಕ, ಗರಿಷ್ಠ ತೂಕ ಎಂದು ಎರಡಿರುತ್ತವೆ. ಆರಂಭದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ ಹೋಗಿ. ಕೇಸು, ಪ್ರೈಮರು, ಬುಲೆಟ್ಟು, ಯಾವುದು ಬದಲಾದರೂ ಮತ್ತೆ ಕೆಳಗಿಂದ. ಯಾರೋ ಕೊಟ್ಟ ತೋಟಾವನ್ನೂ ಯಾರೋ ಹೇಳಿದ ತೂಕವನ್ನೂ ಬಳಸದಿದ್ದರೆ ಈ ಹವ್ಯಾಸದ ಮುಕ್ಕಾಲು ಅಪಾಯ ದೂರ.

ನಾನು ಹುಡುಕೋ ಪೌಡರ್ ಸ್ಟಾಕಿಲ್ಲ. ಹೆಸರು ಹೆಚ್ಚುಕಮ್ಮಿ ಅದೇ ಇರೋದು ಇನ್ನೊಂದಿದೆ, ನಡೆಯುತ್ತಾ?

ಹೆಸರು ನಂಬಿ ಕೆಡಬೇಡಿ. ಎಚ್4350 ಮತ್ತು ಐಎಂಆರ್ 4350 ಎರಡರಲ್ಲೂ ಅಂಕಿ ಅದೇ, ಉರಿಯುವ ವೇಗ ಒಂದೇ ಅಲ್ಲ. ಒಂದರ ಕೋಷ್ಟಕ ನೋಡಿ ಇನ್ನೊಂದನ್ನು ತುಂಬುವಂತಿಲ್ಲ. ರೈಫಲ್ ಕೇಸಿಗೆ ಪಿಸ್ತೂಲಿನ ಪೌಡರು ಬಿದ್ದರಂತೂ ಕೋವಿಯೇ ಹೋಳಾಗುತ್ತದೆ. ಅದು ಅಷ್ಟು ವೇಗವಾಗಿ ಉರಿಯುತ್ತದೆ, ಕೇಸಿನಲ್ಲಿ ಜಾಗವೂ ಬೇಕಾದಷ್ಟಿರುತ್ತದೆ.

ಗುರಿಗಾರರೆಲ್ಲ ವಾರ್ಗೆಟ್, ಎಚ್4350 ಎಂದು ಹಿಂದೆ ಬೀಳುವುದು ಅವು ಬಿಸಿಲು ಚಳಿಗೆ ಅಷ್ಟಾಗಿ ಬದಲಾಗುವುದಿಲ್ಲವೆಂದು. ಜನವರಿಯಲ್ಲಿ ಹೊಂದಿಸಿದ ತೋಟಾ ಆಗಸ್ಟಿನಲ್ಲೂ ಹೆಚ್ಚುಕಡಿಮೆ ಅದೇ ವೇಗ ಕೊಡುತ್ತದೆ. ಇವೆರಡೂ ತಯಾರಾಗುವುದು ಆಸ್ಟ್ರೇಲಿಯಾದಲ್ಲಿ, ಹಡಗಿನಲ್ಲಿ ಬರಬೇಕು. ಅಂಗಡಿಯ ಕಪಾಟು ಖಾಲಿಯಿರುವುದಕ್ಕೆ ಅದೂ ಒಂದು ಕಾರಣ. ಸಿಗದಿದ್ದರೆ ಮ್ಯಾನ್ಯುಯಲ್ಲಿನಲ್ಲಿ ನಿಮ್ಮ ಬುಲೆಟ್ಟಿಗೆ ಸೂಚಿಸಿರುವ ಬೇರೆ ಪೌಡರು ಕೊಂಡು ಹೊಸದಾಗಿ ಶುರುಮಾಡಿ.

ಒತ್ತಡ ಜಾಸ್ತಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಕೈಗೆ ಗೊತ್ತಾಗುತ್ತದೆ: ಬೋಲ್ಟು ಎತ್ತುವಾಗ ಅಂಟಿದಂತೆ ಬಿಗಿ. ಆಮೇಲೆ ಕೇಸಿನ ತಳ ನೋಡಿ. ಖಾಲಿ ಕೇಸನ್ನು ಹೊರತಳ್ಳುವ ಎಜೆಕ್ಟರಿನ ತೂತಿಗೆ ಹಿತ್ತಾಳೆ ಹರಿದು ಮಿರಮಿರನೆ ಹೊಳೆಯುವ ಸಣ್ಣ ಚಂದ್ರನಂಥ ಗುರುತು ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಿ. ಪ್ರೈಮರು ಚಪ್ಪಟೆಯಾಗಿ ಗುಳಿಯ ಮೂಲೆ ಮೂಲೆಗೂ ಹರಡಿರುವುದೂ ಒಂದು ಗುರುತೇ, ಆದರೆ ಅದೊಂದನ್ನೇ ನಂಬುವಂತಿಲ್ಲ. ಮೆತ್ತನೆಯ ಪ್ರೈಮರು ಸಾಧಾರಣ ಒತ್ತಡಕ್ಕೂ ಚಪ್ಪಟೆಯಾಗುತ್ತದೆ. ಗುರುತು ಕಾಣಲಿಲ್ಲ ಎಂದಾಕ್ಷಣ ಒತ್ತಡ ಮಿತಿಯೊಳಗಿದೆ ಎಂದೂ ಅಲ್ಲ. ಕೆಲವು ರೈಫಲ್ಲುಗಳು ಮಿತಿ ಮೀರಿದ ಮೇಲೂ ಸುಮ್ಮನಿರುತ್ತವೆ. ಉಳಿದ ತೋಟಾಗಳನ್ನು "ಇನ್ನೊಂದೇ ಒಂದು" ಎಂದು ಹಾರಿಸದೆ ಮನೆಗೆ ತಂದು ಬಿಚ್ಚಿ. ಪ್ಲಾಸ್ಟಿಕ್ ಸುತ್ತಿಗೆ ಆಗ ನೆನಪಾಗುತ್ತದೆ.

## ಗುರಿಯ ಲೆಕ್ಕ

ಮೂರು ಗುಂಡೂ ಒಂದೇ ತೂತಲ್ಲಿ ಬಿತ್ತು! ಇದೇ ನನ್ನ ಲೋಡ್ ಅಲ್ವಾ?

ಫೋಟೋ ತೆಗೆದು ಎಲ್ಲರಿಗೂ ಕಳಿಸಿಯಾಯಿತು ತಾನೇ? ನಾನೂ ಕಳಿಸಿದ್ದೆ. ಮುಂದಿನ ವಾರ ಅದೇ ತೋಟಾ ಒಂದೂಕಾಲು ಇಂಚಿಗೆ ಹರಡಿತು.

ಮೂರು ಗುಂಡು ಏನನ್ನೂ ಸಾಬೀತು ಮಾಡುವುದಿಲ್ಲ. ಒಂದೇ ಗುರಿಗೆ ಹಾರಿಸಿದ ಗುಂಡುಗಳ ತೂತುಗಳ ಗುಂಪಿಗೆ ಗ್ರೂಪು ಎನ್ನುತ್ತಾರೆ, ಅದು ಕಿರಿದಾದಷ್ಟೂ ಒಳ್ಳೆಯದು. ಒಂದೇ ರೈಫಲ್ಲು, ಒಂದೇ ತೋಟಾ ಇದ್ದರೂ ಹತ್ತು ಗುಂಡಿನ ಗ್ರೂಪು ಮೂರರ ಗ್ರೂಪಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ತುಸು ಹೆಚ್ಚು ಅಗಲವಿರುತ್ತದೆ. ಬರೀ ಸಂಭವದ ಲೆಕ್ಕದಿಂದಲೇ ಬರುವ ಮಾತಿದು, ಕೈ ಅಲುಗಿದ್ದರಿಂದಲ್ಲ. ಅರ್ಧ ಇಂಚಿನ ಮೂರು ಗುಂಡಿನ ಗ್ರೂಪು ತೋರಿಸುವವರ ರೈಫಲ್ಲು ಹತ್ತು ಗುಂಡಿಗೆ ಮುಕ್ಕಾಲು ಇಂಚು ದಾಟಿದರೆ ಅದೇ ಸಹಜ.

ಇದರಿಂದ ಇನ್ನೊಂದು ಕಹಿ ಸತ್ಯ ಹೊರಡುತ್ತದೆ. ಪೌಡರನ್ನು 0.2 ಗ್ರೇನ್ ಏರಿಸುತ್ತಾ ಹತ್ತು ಮೆಟ್ಟಿಲು ಮಾಡಿ, ಮೆಟ್ಟಿಲಿಗೆ ಮೂರು ಮೂರು ಹಾರಿಸಿ, ಅದರಲ್ಲಿ ಚಿಕ್ಕ ಗ್ರೂಪು ಬಂದದ್ದೇ "ನೋಡ್" (node, ರೈಫಲ್ಲಿಗೆ ಒಗ್ಗುವ ತೂಕ) ಎಂದು ಆರಿಸುವ ಪದ್ಧತಿ ಬಹಳ ಜನಪ್ರಿಯ. ಆದರೆ ಹತ್ತೂ ಮೆಟ್ಟಿಲು ಒಂದೇ ತರದ ತೋಟಾ ಆಗಿದ್ದರೂ ಯಾವುದೋ ಒಂದು ಚಿಕ್ಕದು ಬಂದೇ ಬರುತ್ತದೆ. ಹತ್ತು ಮಕ್ಕಳು ನಾಣ್ಯ ಚಿಮ್ಮಿದರೆ ಒಬ್ಬನಿಗೆ ಮೂರು ಸಲವೂ ರಾಜನೇ ಬಿದ್ದಂತೆ. ಈ ಮಾತಿಗೆ ರೇಂಜಿನಲ್ಲಿ ನನ್ನೊಡನೆ ಜಗಳವಾಡಿದವರಿದ್ದಾರೆ, ಆಡಲಿ. ಎರಡು ಮೂರು ತೂಕ ಆರಿಸಿಕೊಂಡು ಒಂದೊಂದಕ್ಕೂ ಹತ್ತರಂತೆ ಎರಡು ಗ್ರೂಪು ಹಾರಿಸಿ ಹೋಲಿಸುವುದೇ ನನ್ನ ಪದ್ಧತಿ. ವ್ಯತ್ಯಾಸ ಕಾಣದಿದ್ದರೆ ಕಡಿಮೆ ತೂಕದ್ದನ್ನೇ ಉಳಿಸಿಕೊಳ್ಳುತ್ತೇನೆ.

ಹಾಗಾದ್ರೆ ಯಾವುದರಿಂದ ನಿಜವಾಗ್ಲೂ ವ್ಯತ್ಯಾಸ ಆಗುತ್ತೆ?

ಬುಲೆಟ್ಟು. ಮಿಕ್ಕಿದ್ದೆಲ್ಲ ಆಮೇಲೆ. ಸಿಯೆರಾ ಮ್ಯಾಚ್‌ಕಿಂಗ್, ಬರ್ಗರ್, ಹಾರ್ನಡಿ ಇಎಲ್‌ಡಿ ಮ್ಯಾಚ್, ಇವುಗಳಲ್ಲಿ ನಿಮ್ಮ ಬ್ಯಾರೆಲ್ಲಿನೊಳಗಿನ ಸುರುಳಿ ಗೀರುಗಳ (ರೈಫ್ಲಿಂಗ್) ತಿರುವಿಗೆ ಹೊಂದುವ ತೂಕದ್ದನ್ನು ಒಂದೊಂದು ಡಬ್ಬಿ ತಂದು ನೋಡಿ. .308ಕ್ಕೆ 168, 175 ಗ್ರೇನ್ ಹಳೇ ಕುದುರೆಗಳು. ಬುಲೆಟ್ಟು ಬದಲಿಸಿದಾಗ ಗ್ರೂಪು ಅರ್ಧವಾದದ್ದನ್ನು ನಾನು ಕಂಡಿದ್ದೇನೆ. ಪೌಡರನ್ನು ಕಾಳು ಎಣಿಸಿ ಹಾಕಿದ್ದರಿಂದ 100 ಗಜದಲ್ಲಿ ಏನಾದರೂ ಆದದ್ದನ್ನು ಕಂಡಿಲ್ಲ.

ಕ್ರೋನೋಗ್ರಾಫ್ ಬೇಕೇ ಬೇಕಾ? ವೇಗದ ಏರುಪೇರು ಎಷ್ಟಿದ್ರೆ ಪರವಾಗಿಲ್ಲ?

ಕ್ರೋನೋಗ್ರಾಫ್ ಎಂದರೆ ಗುಂಡಿನ ವೇಗ ಅಳೆಯುವ ಯಂತ್ರ. ಅದು ಬೇಕೋ ಬೇಡವೋ ಎಂಬುದು ಎಷ್ಟು ದೂರ ಹಾರಿಸುತ್ತೀರಿ ಎಂಬುದರ ಮೇಲಿದೆ. ಸೆಕೆಂಡಿಗೆ 2600 ಅಡಿ ಹೋಗುವ 175 ಗ್ರೇನ್ ಬುಲೆಟ್ಟು 100 ಗಜ ತಲುಪುವಷ್ಟರಲ್ಲಿ ನಳಿಗೆಯ ನೇರದಿಂದ ಎರಡೂವರೆ ಇಂಚಿಗೂ ತುಸು ಹೆಚ್ಚು ಇಳಿದಿರುತ್ತದೆ. ವೇಗ ಶೇಕಡ 1 ತಗ್ಗಿದರೆ ಇಳಿತ ಸುಮಾರು ಶೇಕಡ 2 ಹೆಚ್ಚುತ್ತದೆ. ಅಂದರೆ 26 ಅಡಿ ವ್ಯತ್ಯಾಸಕ್ಕೆ ಒಂದು ಇಂಚಿನ ಇಪ್ಪತ್ತನೇ ಒಂದು ಭಾಗ, ಕಣ್ಣಿಗೂ ಕಾಣದು. ಅದೇ 1000 ಗಜದಲ್ಲಿ ಇಳಿತ 400 ಇಂಚಿಗೂ ಮೇಲೆ. ಅದೇ 26 ಅಡಿಗೆ ಎಂಟು ಇಂಚಿಗೂ ಹೆಚ್ಚು ವ್ಯತ್ಯಾಸ, ಗುರಿಯೇ ತಪ್ಪಿತು. 100, 200 ಗಜದವರು ಆ ದುಡ್ಡಿಗೆ ಬುಲೆಟ್ಟು ಕೊಳ್ಳಿ. 600 ದಾಟಿದವರಿಗೆ ಬೇಕು. ಈಗಿನ ಅಂಗೈಯಗಲದ ರಾಡಾರ್ ಕ್ರೋನೋಗ್ರಾಫುಗಳು ಬೆಂಚಿನ ಮೇಲಿಟ್ಟರೆ ತಾವೇ ಲೆಕ್ಕ ಬರೆದುಕೊಳ್ಳುತ್ತವೆ. ಹಿಂದೆ ಟ್ರೈಪಾಡು ಹೊತ್ತು ಅರ್ಧ ದಿನ ಕಳೆಯುತ್ತಿದ್ದೆವು.

ಇನ್ನೊಂದು ಉಪಯೋಗವೂ ಉಂಟು: ಮ್ಯಾನ್ಯುಯಲ್ಲಿನ ಗರಿಷ್ಠ ವೇಗಕ್ಕಿಂತ ನಿಮ್ಮದು ಹೆಚ್ಚು ಬರುತ್ತಿದ್ದರೆ ಅದು ಪುಕ್ಕಟೆ ವೇಗವಲ್ಲ, ಒತ್ತಡ.

ಬುಲೆಟ್ ಎಷ್ಟು ಒಳಗೆ ಕೂರಿಸಬೇಕು? ರೈಫ್ಲಿಂಗ್‌ಗೆ ತಾಗಿಸಿದ್ರೆ ಗುರಿ ಚೆನ್ನಾಗಿ ಬರುತ್ತೆ ಅಂತಾರೆ.

ಕೆಲವರ ಬುಲೆಟ್ಟಿಗೆ ಬರುತ್ತದೆ. ಹೊಸಬರಿಗೆ ಬೇಡ. ರೈಫ್ಲಿಂಗಿಗೆ ತಾಗಿ ನಿಂತ ಬುಲೆಟ್ಟು ಓಡಲು ಜಾಗವಿಲ್ಲದೆ ಒತ್ತಡವನ್ನು ಏರಿಸುತ್ತದೆ. ಹಾರಿಸದೆ ಬೋಲ್ಟು ತೆಗೆದರೆ ಬುಲೆಟ್ಟು ಬ್ಯಾರೆಲ್ಲಿನಲ್ಲೇ ಕಚ್ಚಿಕೊಂಡು ಪೌಡರೆಲ್ಲ ಬೋಲ್ಟು ಓಡಾಡುವ ಆಕ್ಷನ್ನಿನೊಳಗೆ ಚೆಲ್ಲುವುದೂ ಉಂಟು. ಮ್ಯಾನ್ಯುಯಲ್ಲಿನ ಉದ್ದದಿಂದ ಶುರುಮಾಡಿ. ಅದು ಮ್ಯಾಗಜಿನ್ನಿಗೂ ಹಿಡಿಸಬೇಕಲ್ಲ; .308ರ ಗರಿಷ್ಠ ಒಟ್ಟು ಉದ್ದ 2.810 ಇಂಚು. ಅಳೆಯುವಾಗ ಬುಲೆಟ್ಟಿನ ತುದಿಯಿಂದಲ್ಲ, ಕ್ಯಾಲಿಪರಿಗೆ ಸಿಕ್ಕಿಸುವ ಕಂಪೇರೇಟರ್ ಹಾಕಿ, ಬುಲೆಟ್ಟು ದಪ್ಪವಾಗುವ ಹೊಟ್ಟೆಯ ಕಡೆಯಿಂದ ಅಳೆಯಿರಿ. ಒಂದೇ ಡಬ್ಬಿಯ ಬುಲೆಟ್ಟುಗಳ ತುದಿಗಳು ಒಂದೊಂದು ಒಂದೊಂದು ತರ ಇರುತ್ತವೆ.

ಬರೀ ಕುತ್ತಿಗೆ ಸೈಜ್ ಮಾಡ್ಬೇಕಾ, ಪೂರ್ತಿ ಕೇಸಾ? ಒಂದು ಕೇಸು ಎಷ್ಟು ಸಲ ಬರುತ್ತೆ?

ಪೂರ್ತಿ. ಕುತ್ತಿಗೆ ಮಾತ್ರ ಸೈಜ್ ಮಾಡಿದರೆ ನಾಲ್ಕೈದು ಸಲದ ನಂತರ ಬೋಲ್ಟು ಮುಚ್ಚಲು ಒದ್ದಾಡಬೇಕಾಗುತ್ತದೆ. ಆದರೆ ಡೈಯನ್ನು ಕಣ್ಣುಮುಚ್ಚಿ ತಳಮುಟ್ಟ ತಿರುಗಿಸಬೇಡಿ. ಹಾರಿಸಿದ ಕೇಸಿನ ಹೆಗಲು ಎಲ್ಲಿದೆಯೆಂದು ಅಳೆದು, ಅಲ್ಲಿಂದ 0.002 ಇಂಚು ಹಿಂದಕ್ಕೆ ತಳ್ಳಿದರೆ ಸಾಕು. ಹೆಚ್ಚು ತಳ್ಳಿದರೆ ಕೇಸು ಪ್ರತಿ ಸಲ ಹಿಗ್ಗಿ, ತಳದ ಸ್ವಲ್ಪ ಮೇಲೆ ಒಳಗೋಡೆ ಸವೆದು, ಒಂದು ದಿನ ಅಲ್ಲೇ ಎರಡು ತುಂಡಾಗುತ್ತದೆ. ಹೊರಗೆ ಬಳೆಯಂಥ ಹೊಳೆಯುವ ಗೆರೆ ಕಂಡರೆ ಅನುಮಾನಿಸಿ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯ ಮೇಲೆ ತಳದಿಂದ ಎಳೆದು ನೋಡಿ. ತುದಿ ತಗ್ಗಿಗೆ ಸಿಕ್ಕಿ ತಡವರಿಸಿದರೆ ಆ ಕೇಸು ಮುಗಿಯಿತು.

ಎಷ್ಟು ಸಲ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಪ್ರೈಮರು ಸಲೀಸಾಗಿ ಜಾರಿ ಕೂರತೊಡಗಿದರೆ ತಳ ಸಡಿಲಾಗಿದೆ ಎಂದರ್ಥ. ಕುತ್ತಿಗೆ ಸೀಳತೊಡಗಿದರೆ ಹಿತ್ತಾಳೆ ಬಿರುಸಾಗಿದೆ. ಕುತ್ತಿಗೆಯನ್ನು ಕ್ಷಣ ಹೊತ್ತು ಕಾಯಿಸಿ ಮೆತ್ತಗೆ ಮಾಡುವ ಅನೀಲಿಂಗ್ ಎಂಬ ಪದ್ಧತಿ ಇದೆ, ಅದರಿಂದ ಆಯಸ್ಸು ಹೆಚ್ಚುತ್ತದೆ. ಆದರೆ ಬಿಸಿ ತಳದವರೆಗೆ ಹೋದರೆ ಕೇಸು ಅಪಾಯಕಾರಿ. ಮೊದಲ ವರ್ಷ ಆ ಕಡೆ ಹೋಗಬೇಡಿ.

ನೀವು ಹೇಳಿದ್ದೆಲ್ಲ ಮಾಡಿದೆ, ಆದರೂ 100 ಗಜಕ್ಕೆ ಎರಡು ಇಂಚು. ಈಗೇನು?

ಒಂದು ಡಬ್ಬಿ ಕಾರ್ಖಾನೆಯ ಮ್ಯಾಚ್ ತೋಟಾ ತಂದು ಅದೇ ದಿನ, ಅದೇ ಬೆಂಚಿನಲ್ಲಿ ಹತ್ತು ಹಾರಿಸಿ. ಅದೂ ಎರಡು ಇಂಚೇ ಬಂದರೆ ತಪ್ಪು ನಿಮ್ಮ ಪ್ರೆಸ್ಸಿನದಲ್ಲ. ಸ್ಕೋಪಿನ ಸ್ಕ್ರೂಗಳನ್ನು ಟಾರ್ಕ್ ವ್ರೆಂಚ್ ಹಾಕಿ ನೋಡಿ. ನಾನು ಎರಡು ತಿಂಗಳು ಪೌಡರು ಬದಲಿಸಿ ಬದಲಿಸಿ ಸುಸ್ತಾದ ಮೇಲೆ ಸಿಕ್ಕಿದ್ದು ಕಾಲು ಸುತ್ತು ಸಡಿಲಾಗಿದ್ದ ಒಂದು ಸ್ಕ್ರೂ. ಆಮೇಲೆ ಸ್ಟಾಕಿನ ಬೋಲ್ಟುಗಳು, ನಳಿಗೆಯ ಬಾಯಂಚಿಗೆ ಏಟು ಬಿದ್ದಿದೆಯೇ, ಒಳಗೆ ತಾಮ್ರ ಕಟ್ಟಿದೆಯೇ ಎಂದು ನೋಡಿ. ಎಲ್ಲ ಸರಿಯಿದ್ದರೆ ನಿಮಗಿಂತ ಚೆನ್ನಾಗಿ ಹಾರಿಸುವವರ ಕೈಗೆ ಕೊಟ್ಟು ಹತ್ತು ಹಾರಿಸಲು ಹೇಳಿ. ಅವರದು ಒಂದು ಇಂಚಿಗೆ ಬಂದರೆ, ಮುಂದಿನ ಮೂರು ತಿಂಗಳು ಪೌಡರಿನ ಡಬ್ಬಿ ಮುಚ್ಚಿಟ್ಟು ಆ .22 ಹೊರತೆಗೆಯಿರಿ.